ಪೇಪರ್ ಇಲ್ಲದ ಕೂಲಿಯವರನ್ನೆಲ್ಲ ವಾಪಸ್ ಕಳಿಸಿದ್ರೆ ಅಮೆರಿಕದ ಹೊಲದಲ್ಲಿ ಕೆಲಸ ಮಾಡೋರು ಯಾರು?

ಕಣಿವೆ_ಗೌಡ (ಫ್ರೆಸ್ನೋ, ಕ್ಯಾಲಿಫೋರ್ನಿಯಾ)

ಇನ್ನೊಂದು ಥ್ರೆಡ್‌ನಲ್ಲಿ ಒಬ್ಬರು ಬರೆದಿದ್ರು: "ಅಕ್ರಮವಾಗಿ ಬಂದವರನ್ನೆಲ್ಲ ಓಡಿಸಿದ್ರೆ ಆ ಕೆಲಸ ಅಮೆರಿಕದವರಿಗೆ ಸಿಗುತ್ತೆ, ಅಷ್ಟೇ ತಾನೇ." ಅಷ್ಟೇ ಅಲ್ಲ ಸ್ವಾಮಿ. ಅಲ್ಲೇ ಉತ್ತರ ಬರೆದ್ರೆ ವೀಸಾ ಜಗಳದಲ್ಲಿ ಮುಳುಗಿ ಹೋಗುತ್ತೆ ಅಂತ ಬೇರೆ ಥ್ರೆಡ್ ತೆಗೀತಿದ್ದೀನಿ.

ನಾನು ಡ್ರಿಪ್ ನೀರಾವರಿ ಸಾಮಾನು ಮಾರೋ ಕೆಲಸದಲ್ಲಿದ್ದೀನಿ. ಬೇಕರ್ಸ್‌ಫೀಲ್ಡ್‌ನಿಂದ ಮೊಡೆಸ್ಟೋ ತನಕ ತೋಟ ತಿರುಗೋದೇ ನನ್ನ ಕಸುಬು. ಮನೆ ಕಡೆಯಿಂದ ಕೆ.ಆರ್. ಪೇಟೆ, ಅಪ್ಪನಿಗೆ ಈಗಲೂ ಭತ್ತ, ತೆಂಗು ಇದೆ.

ಮೊದಲು ಲೆಕ್ಕ. ಇಲ್ಲಿನ ಕಾರ್ಮಿಕ ಇಲಾಖೆ ಪ್ರತಿ ವರ್ಷ ಬೆಳೆ ಕೆಲಸದವರನ್ನ ಮಾತಾಡಿಸಿ ಸಮೀಕ್ಷೆ ಮಾಡುತ್ತೆ. 2020-22ರ ಲೆಕ್ಕದಲ್ಲಿ ಶೇ. 42 ಜನಕ್ಕೆ ಕೆಲಸ ಮಾಡೋ ಪರವಾನಗಿ ಇರಲಿಲ್ಲ. ಅಮೆರಿಕದಲ್ಲೇ ಹುಟ್ಟಿದವರು ಶೇ. 32. ಇದನ್ನ ಕೂಲಿಯವರೇ ಬಾಯಿಬಿಟ್ಟು ಹೇಳಿರೋದು, ಸರ್ಕಾರವೇ ಬರ್ಕೊಂಡಿರೋದು. ಯಾರಿಗೂ ಗೊತ್ತಿಲ್ಲದ ಗುಟ್ಟೇನೂ ಅಲ್ಲ.

ಕೆಲಸ ಹೇಗಿರುತ್ತೆ ಅಂತ ಸ್ಟ್ರಾಬೆರಿ ತೋಟ ನೋಡಿದವರಿಗೆ ಗೊತ್ತು. ಸ್ಯಾಲಿನಾಸ್, ವಾಟ್ಸನ್‌ವಿಲ್, ಆಕ್ಸ್‌ನಾರ್ಡ್ ಕಡೆ ಹೋದ್ರೆ ಸಾಲು ಸಾಲು ಬದು, ಮಂಡಿ ಎತ್ತರಕ್ಕೂ ಬರದ ಗಿಡ. ಸೊಂಟ ಎರಡಾಗಿ ಮಡಚಿ ಸಾಲಿನ ಉದ್ದಕ್ಕೂ ಹೋಗ್ಬೇಕು. ಕಾಲ ಮಧ್ಯೆ ಒಂಟಿ ಚಕ್ರದ ಸಣ್ಣ ತಳ್ಳುಗಾಡಿ, ಅದರ ಮೇಲೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎಂಟು ಪ್ಲಾಸ್ಟಿಕ್ ಡಬ್ಬಿ. ನೀವು ಅಂಗಡಿಯಿಂದ ತರೋ ಡಬ್ಬಿ ಅದೇ. ಕಿತ್ತವನು ನೇರ ಅದಕ್ಕೇ ಹಾಕ್ತಾನೆ, ಮಧ್ಯೆ ಇನ್ನೊಬ್ಬರ ಕೈ ಸೋಕಲ್ಲ. ಪೆಟ್ಟಿಗೆ ತುಂಬಿದ ತಕ್ಷಣ ಸಾಲಿನ ತುದಿಗೆ ಓಟ. ನಡೆಯೋದಲ್ಲ, ಓಟವೇ. ಅಲ್ಲಿ ಒಬ್ಬಳು ಕಾರ್ಡ್ ಸ್ಕ್ಯಾನ್ ಮಾಡ್ತಾಳೆ, ಹಣ್ಣು ಜಾಸ್ತಿ ಮಾಗಿದ್ರೆ ತೆಗೆದು ಬಿಸಾಕ್ತಾಳೆ, ಇವನು ಖಾಲಿ ಪೆಟ್ಟಿಗೆ ಹಿಡ್ಕೊಂಡು ಮತ್ತೆ ಓಡ್ತಾನೆ. ಪೆಟ್ಟಿಗೆ ಲೆಕ್ಕದಲ್ಲಿ ಕೂಲಿ ಇದ್ದಾಗ ಊಟದ ಹೊತ್ತಲ್ಲೂ ಕಣ್ಣು ಸಾಲಿನ ಮೇಲೇ.

ಸೆಕೆಗಾಲದಲ್ಲೂ ತಲೆಗೆ ಟೋಪಿ, ಮೂಗು ಬಾಯಿಗೆ ಬಟ್ಟೆ, ಎರಡು ಅಂಗಿ. ಯಾಕೆ ಅಂದ್ರೆ ಬಿಸಿಲು, ಧೂಳು, ಔಷಧಿ. ಅವರಲ್ಲಿ ಎಷ್ಟೋ ಜನಕ್ಕೆ ಸ್ಪ್ಯಾನಿಶ್ ಕೂಡ ಎರಡನೇ ಭಾಷೆ. ಮೆಕ್ಸಿಕೋದ ಓಹಾಕಾ ಕಡೆಯ ಮೂಲನಿವಾಸಿಗಳು, ಮಿಶ್ಟೆಕೋ, ತ್ರಿಕಿ ಜನ. ಮೇಸ್ತ್ರಿ ಸ್ಪ್ಯಾನಿಶ್‌ನಲ್ಲಿ ಕೂಗಿದ್ದು ಅರ್ಧ ಅರ್ಥ ಆಗುತ್ತೆ, ಅರ್ಧ ಅಂದಾಜು.

ನನಗನಿಸೋದು ಇಷ್ಟು. ಇಲ್ಲಿನ ಕೃಷಿಗೆ ಆಳು ಮಾತ್ರ ಸಾಲದು, ಪೇಪರ್ ಇಲ್ಲದ ಆಳು ಬೇಕು. ಪೇಪರ್ ಇಲ್ಲ ಅನ್ನೋದೇ ಅವನ ಕೂಲಿಯನ್ನ ಕೆಳಗಿಟ್ಟಿರೋದು. ಅದಕ್ಕೇ ಎರಡೂ ಪಕ್ಷದವರು ಇವರನ್ನ ಪೂರ್ತಿ ಕಳಿಸೋದೂ ಇಲ್ಲ, ಪೇಪರ್ ಕೊಡೋದೂ ಇಲ್ಲ.

---

ಗ್ರೀನ್‌ಕಾರ್ಡ್_ಯಾವಾಗ (ನ್ಯೂಜೆರ್ಸಿ)

ಗೌಡ್ರೇ, ಕಷ್ಟ ಎಲ್ಲರಿಗೂ ಇದೆ. ನಾನು ಮಾಸ್ಟರ್ಸ್ ಮಾಡಿ, ತೆರಿಗೆ ಕಟ್ಟಿ, ಒಂದು ಫಾರ್ಮ್ ತಪ್ಪದಂಗೆ ತುಂಬಿ ಗ್ರೀನ್ ಕಾರ್ಡ್‌ಗೆ, ಅಂದ್ರೆ ಕಾಯಂ ವಾಸದ ಪರವಾನಗಿಗೆ, ಕ್ಯೂನಲ್ಲಿ ನಿಂತಿದ್ದೀನಿ. ನಮ್ಮ ಮಗ ಇಪ್ಪತ್ತೊಂದು ದಾಟಿದ್ರೆ ಅವನೇ ಕ್ಯೂನಿಂದ ಆಚೆ ಬೀಳ್ತಾನೆ. ಗೋಡೆ ಹಾರಿ ಬಂದವರಿಗೆ ಅಯ್ಯೋ ಪಾಪ, ಕ್ಯೂನಲ್ಲಿ ನಿಂತವರಿಗೆ ಏನೂ ಇಲ್ಲ. ಅವರೂ ಸರದಿಯಲ್ಲಿ ಬರಲಿ. ನನ್ನ ವಾದ ಇಷ್ಟೇ.

---

ಕಣಿವೆ_ಗೌಡ

ನಿಮ್ಮ ಸಿಟ್ಟು ನ್ಯಾಯವಾದ್ದೇ. ಆದ್ರೆ ಅವರಿಗೆ ಕ್ಯೂ ಎಲ್ಲಿದೆ, ತೋರಿಸಿ.

ಡಿಗ್ರಿ ಬೇಡದ ಕೆಲಸಕ್ಕೆ ಗ್ರೀನ್ ಕಾರ್ಡ್ ಅಂತ ಒಂದು ಸಣ್ಣ ಕಿಂಡಿ ಇದೆ. ಇಡೀ ಪ್ರಪಂಚಕ್ಕೆ, ಎಲ್ಲಾ ತರದ ಕೆಲಸಕ್ಕೂ ಸೇರಿಸಿ ವರ್ಷಕ್ಕೆ 10,000. 1997ರ ಇನ್ನೊಂದು ಕಾನೂನಿನ ದೆಸೆಯಿಂದ ಎಷ್ಟೋ ವರ್ಷ ಅದರಲ್ಲೂ 5,000ದ ತನಕ ಕಡಿತ ಆಗ್ತಿತ್ತು. ಹೋಟೆಲ್, ಕೋಳಿ ಫ್ಯಾಕ್ಟರಿ, ವೃದ್ಧರ ಆರೈಕೆ ಎಲ್ಲಾ ಅದರಲ್ಲೇ.

ಇನ್ನು ಎಚ್-2ಎ ಅಂತ ಕೃಷಿ ವೀಸಾ. ಅದಕ್ಕೆ ಸಂಖ್ಯೆಯ ಮಿತಿ ಇಲ್ಲ, ನಿಜ. 2005ರ ಸುಮಾರಿಗೆ 50,000 ಕೆಲಸಕ್ಕೂ ಕಡಿಮೆ ಇದ್ದದ್ದು 2023ರ ಹೊತ್ತಿಗೆ ಮೂರೂ ಮುಕ್ಕಾಲು ಲಕ್ಷ ದಾಟಿತು. ಆದ್ರೆ ಅದು ಹಂಗಾಮಿಗೆ ಬಂದು ಹಂಗಾಮು ಮುಗಿದ ಮೇಲೆ ಹೋಗೋ ವೀಸಾ. ಎಷ್ಟು ವರ್ಷ ಬಂದು ಹೋದ್ರೂ ಅದರಿಂದ ಗ್ರೀನ್ ಕಾರ್ಡ್‌ಗೆ ದಾರಿ ಇಲ್ಲ. ನಿಮ್ಮ ಕ್ಯೂ ಉದ್ದ ಜಾಸ್ತಿ. ಅವರಿಗೆ ಕ್ಯೂ ಅನ್ನೋದೇ ಇಲ್ಲ.

---

ಮಲ್ಲಿಗೆ_ಡಲ್ಲಾಸ್

ನನಗೆ ಅರ್ಥ ಆಗದಿರೋದು ಬೇರೆ. ನಾನು ಕೆಲಸಕ್ಕೆ ಸೇರಿದಾಗ ಎಚ್‌ಆರ್‌ನವರು ಪಾಸ್‌ಪೋರ್ಟ್, ವೀಸಾ, ಅದು ಇದು ಅಂತ ಪ್ರಾಣ ತಿಂದ್ರು. ಪೇಪರೇ ಇಲ್ಲದವರನ್ನ ಕೆಲಸಕ್ಕೆ ತಗೊಳ್ಳೋದಾದ್ರೂ ಹೇಗೆ? ಎಲ್ಲಾ ಕೈಗೆ ನಗದು ಕೊಟ್ಟು ಮಾಡಿಸ್ತಾರಾ?

---

ಕಣಿವೆ_ಗೌಡ

ಇಲ್ಲ ಮೇಡಂ, ಹೆಚ್ಚಿನವರಿಗೆ ಚೆಕ್ಕೇ ಬರುತ್ತೆ. ತೆರಿಗೆ ಹಿಡಿದೇ ಬರುತ್ತೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಡೀ ವ್ಯವಸ್ಥೆಯ ಗಂಟು ಇರೋದೇ ಇಲ್ಲಿ.

1986ರಲ್ಲಿ ರೇಗನ್ ಕಾಲದಲ್ಲಿ ಒಂದು ಕಾನೂನು ಬಂತು. ಗೊತ್ತಿದ್ದೂ ಪೇಪರ್ ಇಲ್ಲದವರನ್ನ ಕೆಲಸಕ್ಕೆ ಇಟ್ಕೊಂಡ್ರೆ ಮಾಲೀಕನಿಗೆ ದಂಡ. "ಗೊತ್ತಿದ್ದೂ" ಅನ್ನೋ ಮಾತು ಗಮನಿಸಿ. ಸೇರೋ ದಿನ ಐ-9 ಅಂತ ಫಾರ್ಮ್ ತುಂಬಿಸ್ಕೋಬೇಕು, ಕಾರ್ಡ್ ನೋಡಬೇಕು. ಮೇಲ್ನೋಟಕ್ಕೆ ಅಸಲಿ ತರ ಕಂಡ್ರೆ ಸಾಕು, ಮಾಲೀಕನ ಜವಾಬ್ದಾರಿ ಮುಗೀತು. ಅನುಮಾನ ಪಟ್ಟು ಇನ್ನೊಂದು ದಾಖಲೆ ಕೇಳಿದ್ರೆ ತಾರತಮ್ಯದ ಕೇಸು ಮೈಮೇಲೆ ಬರುತ್ತೆ. ಹಾಗಾಗಿ ಕೂಲಿಯವನು ಎಲ್ಲೋ ದುಡ್ಡು ಕೊಟ್ಟು ಮಾಡಿಸಿದ ಕಾರ್ಡ್ ತೋರಿಸ್ತಾನೆ, ಇವನು ಝೆರಾಕ್ಸ್ ಮಾಡಿಟ್ಕೋತಾನೆ. ಇಬ್ಬರೂ ಕಾನೂನು ಪಾಲಿಸಿದ ಹಾಗೆ. ಸಿಕ್ಕಿಬಿದ್ದಾಗ ಮಾತ್ರ ಗಡೀಪಾರಿನ ಬಸ್ ಹತ್ತೋದು ಕೂಲಿಯವನೊಬ್ಬನೇ.

ಅದರ ಮೇಲೆ ಕಾಂಟ್ರಾಕ್ಟರ್. ಕ್ಯಾಲಿಫೋರ್ನಿಯಾದಲ್ಲಿ ಬೆಳೆಗಾರ ನೇರವಾಗಿ ಇಟ್ಕೊಂಡಿರೋರಿಗಿಂತ ಕಾಂಟ್ರಾಕ್ಟರ್ ಕಳಿಸೋ ಆಳುಗಳೇ ಜಾಸ್ತಿ. ದ್ರಾಕ್ಷಿ ಬೆಳೆದವನು ನನ್ನತ್ರ "ನನ್ನ ಆಳುಗಳು" ಅಂತಲೇ ಹೇಳ್ತಾನೆ. ದಾಖಲೆಯ ಮಾತು ಬಂದಾಗ "ಅದು ಕಾಂಟ್ರಾಕ್ಟರ್ ನೋಡ್ಕೋತಾನೆ ಗೆಳೆಯಾ" ಅಂತಾನೆ. ಕಾಂಟ್ರಾಕ್ಟರ್ ಕೆಳಗೆ ಮೇಸ್ತ್ರಿ, ಮಾಯೋರ್ದೋಮೋ ಅಂತಾರೆ. ಅವನ ಕೆಳಗೆ ವ್ಯಾನ್ ಓಡಿಸೋನು, ರೈತೇರೋ. ನಮ್ಮ ರೈತನಿಗೂ ಅದಕ್ಕೂ ಸಂಬಂಧ ಇಲ್ಲ, ರೈಡ್ ಕೊಡೋನು ಅಂತ. ಬೆಳಗಿನ ಜಾವ ಕರ್ಕೊಂಡು ಹೋಗಿ ಸಾಯಂಕಾಲ ಬಿಡ್ತಾನೆ, ದಿನದ ಬಾಡಿಗೆ ಕೂಲಿಯಲ್ಲೇ ಹೋಯ್ತು.

ಇನ್ನು ತೆರಿಗೆ. ಒಂದು ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದ ಪ್ರಕಾರ 2022ರಲ್ಲಿ ಪೇಪರ್ ಇಲ್ಲದವರು (ಹೊಲದವರಷ್ಟೇ ಅಲ್ಲ, ಎಲ್ಲಾ ಸೇರಿ) ಕಟ್ಟಿದ ತೆರಿಗೆ 96.7 ಶತಕೋಟಿ ಡಾಲರ್. ಅದರಲ್ಲಿ 25.7 ಶತಕೋಟಿ ಸೋಶಿಯಲ್ ಸೆಕ್ಯುರಿಟಿಗೆ ಹೋದದ್ದು. ಅಂದ್ರೆ ಮುದುಕರ ಪಿಂಚಣಿಗೆ. ಇವರಿಗೆ ಅದರಲ್ಲಿ ಒಂದು ಬಿಲ್ಲೆ ವಾಪಸ್ ಬರಲ್ಲ.

---

ಬಾಳ್ಳುಪೇಟೆ_ಬೆಳೆಗಾರ (ಸಕಲೇಶಪುರ)

ಇದನ್ನು ಓದುತ್ತಾ ಹೋದಂತೆ ನಮ್ಮ ತೋಟದ ಕಥೆಯೇ ಅನ್ನಿಸಿತು. ನಮ್ಮಲ್ಲಿ ಈಗ ಅಸ್ಸಾಮಿನವರು ಇಲ್ಲದಿದ್ದರೆ ಕಾಫಿ ಕುಯ್ಲು ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಡಗು ಎಲ್ಲ ಕಡೆ ಇದೇ. ಊರಿನ ಹುಡುಗರು ಬೆಂಗಳೂರು ಸೇರಿಯಾಯ್ತು. ಲೈನ್‌ಮನೆ ತುಂಬ ಹೊರಗಿನವರೇ. ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗೋ ಹೊತ್ತಿಗೆ ಪಕ್ಕದ ಎಸ್ಟೇಟಿನವರು ಕೆಜಿಗೆ ಒಂದು ರೂಪಾಯಿ ಹೆಚ್ಚು ಅಂದರೆ ರಾತ್ರೋರಾತ್ರಿ ಲೈನ್ ಖಾಲಿ. ಮುಂಗಡ ಕೊಟ್ಟಿದ್ದು ಹೋಯ್ತು ಎಂದು ತಿಳಿಯಬೇಕು.

ಪೊಲೀಸಿನವರು ಎಲ್ಲರ ಆಧಾರ್ ಪ್ರತಿ ಸ್ಟೇಷನ್ನಿಗೆ ಕೊಡಿ ಎನ್ನುತ್ತಾರೆ. ಸಂತೆ ದಿನ ಯಾರಾದರೂ "ಇವರು ಅಸ್ಸಾಮಿನವರಲ್ಲ, ಬಾಂಗ್ಲಾದವರು" ಎಂದು ಕೂಗು ಹಾಕುತ್ತಾರೆ. ಹಾಗೆ ಕೂಗುವವರ ತೋಟದಲ್ಲಿ ಕುಯ್ಯುವವರು ಯಾರು ಎಂದು ಕೇಳಿದರೆ ಅವರೇ. ಅಮೆರಿಕದಲ್ಲೂ ಇದೇ ಆಟ ಎಂದಾಯಿತು.

---

ಕರಾವಳಿ_ವಕೀಲೆ

ಒಂದು ವ್ಯತ್ಯಾಸ ಉಂಟಲ್ಲ ಮಾರಾಯ್ರೆ, ಅದನ್ನು ಮರೀಬೇಡಿ. ಅಸ್ಸಾಮಿನಿಂದ ಬಂದವನು ಈ ದೇಶದ ಪ್ರಜೆ. ಎಲ್ಲಿ ಬೇಕಾದರೂ ಹೋಗಿ ದುಡಿಯುವುದು ಅವನಿಗೆ ಸಂವಿಧಾನ ಕೊಟ್ಟ ಹಕ್ಕು, 19ನೇ ವಿಧಿ. ನಿಮ್ಮ ಲೈನ್‌ಮನೆ ಬಿಟ್ಟು ಪಕ್ಕದ ಎಸ್ಟೇಟಿಗೆ ಹೋಗ್ತಾನೆ ಅಂತ ನಿಮಗೆ ಬೇಜಾರು. ಅದೇ ಅವನ ಬಲ. ಗೌಡ್ರು ಹೇಳುವ ಸ್ಟ್ರಾಬೆರಿ ಕೀಳುವವನಿಗೆ ಆ ಧೈರ್ಯ ಇಲ್ಲ. ಕೂಲಿ ಬಾಕಿ ಇಟ್ಟರೂ, ಮೇಸ್ತ್ರಿ ಮೈಮುಟ್ಟಿದರೂ ದೂರು ಕೊಡ್ಲಿಕ್ಕೆ ಹೋದರೆ ತನ್ನ ತಲೆಗೇ ಬರ್ತದೆ ಅಂತ ಹೆದರಿಕೆ. ಕಾನೂನಿನ ಪ್ರಕಾರ ಅಲ್ಲಿ ಕನಿಷ್ಠ ಕೂಲಿ ಅವನಿಗೂ ಅನ್ವಯ ಆಗ್ತದೆ. ಕೇಳುವವರು ಬೇಕಲ್ಲ.

---

ಜಮಖಂಡಿ_ಜವಾರಿ

ನಮ್ಮ ಕಡೆ ಕಬ್ಬು ಕಡಿಯೋ ಗ್ಯಾಂಗ್ ಬರ್ತಾವ್ರಿ, ಮಹಾರಾಷ್ಟ್ರದ ಬೀಡ ಜಿಲ್ಲಾದಿಂದ. ಮುಕಾದಮ, ಅಂದ್ರ ಗ್ಯಾಂಗಿನ ಮೇಸ್ತ್ರಿ, ಮುಂಗಡಾ ತಗೊಂಡು ಗಂಡ ಹೆಂಡತಿ ಜೋಡಿ ಲೆಕ್ಕದಾಗ ಕರ್ಕೊಂಡ ಬರ್ತಾನ. ಹೊಲದಾಗ ಜೋಪಡಿ, ಹುಡುಗರ ಸಾಲಿ ಬಿಟ್ಟಂಗ. ಪೇಪರ್ ಎಲ್ಲಾ ಐತಿ, ಓಟೂ ಐತಿ. ಆದ್ರೂ ಸಾಲ ತೀರೋ ತನಕ ಎಲ್ಲಿ ಹೊಕ್ಕಾರ? ಪೇಪರ್ ಇದ್ರ ಎಲ್ಲಾ ಸರಿ ಆಕ್ಕೈತಿ ಅನ್ನೋದು ಭಾಳ ಭೋಳೆ ಮಾತ ನೋಡ್ರಿ ವಕೀಲ ಅಕ್ಕಾರ.

---

ಡೇವಿಸ್_ಶಾಸ್ತ್ರಿ

ಇತಿಹಾಸದ ಕಡೆಯಿಂದ ನನ್ನ ಎರಡು ಕಾಸು. "ಹೊರಗಿನವರನ್ನು ತೆಗೆದರೆ ಏನಾಗುತ್ತದೆ" ಎನ್ನುವ ಪ್ರಯೋಗವನ್ನು ಅಮೆರಿಕ ಈಗಾಗಲೇ ಮಾಡಿ ನೋಡಿದೆ, ಒಂದಲ್ಲ ಹಲವು ಸಲ.

ಯುದ್ಧಕಾಲದಲ್ಲಿ ಆಳು ಸಾಲದೆ 1942ರಲ್ಲಿ ಮೆಕ್ಸಿಕೋ ಜೊತೆ ಒಪ್ಪಂದವಾಗಿ, ಅಲ್ಲಿನ ಕೂಲಿಯವರನ್ನು ಕರಾರಿನ ಮೇಲೆ ತರಿಸುವ ಬ್ರಸೇರೋ ಯೋಜನೆ ಬಂತು. ಯುದ್ಧ ಮುಗಿದರೂ ಅದು ಮುಗಿಯಲಿಲ್ಲ. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಎರಚಿ ಒಳಗೆ ಬಿಡುತ್ತಿದ್ದರು. ಸ್ಥಳೀಯರ ಕೂಲಿ ಇದರಿಂದ ಕುಸಿಯುತ್ತಿದೆ ಎಂಬ ಕಾರಣಕ್ಕೆ ಯೋಜನೆ ನಿಂತಿತು.

1965ರಲ್ಲಿ ಕಾರ್ಮಿಕ ಕಾರ್ಯದರ್ಶಿ ವಿಲ್ಲರ್ಡ್ ವಿರ್ಟ್ಸ್‌ಗೆ ಒಂದು ಉಪಾಯ ಹೊಳೆಯಿತು. ಹೈಸ್ಕೂಲಿನ ಕ್ರೀಡಾಪಟುಗಳನ್ನು ಬೇಸಿಗೆಯಲ್ಲಿ ಹೊಲಕ್ಕೆ ಕಳಿಸುವುದು. 18,000ಕ್ಕೂ ಹೆಚ್ಚು ಹುಡುಗರು ಹೆಸರು ಕೊಟ್ಟರು, ಹೊಲಕ್ಕೆ ಇಳಿದವರು ಸುಮಾರು 3,300. ಅವರಲ್ಲೂ ಬಹಳ ಮಂದಿ ಬಿಸಿಲು, ಊಟ, ಬಿಡಾರ ನೋಡಿ ಕೆಲಸ ಬಿಟ್ಟರು, ಮುಷ್ಕರ ಹೂಡಿದರು. ಮರುವರ್ಷ ಆ ಯೋಜನೆಯ ಸುದ್ದಿಯಿಲ್ಲ.

ಹಾಗಾದರೆ ಕೂಲಿ ಏರಿತೇ? ಮೈಕೆಲ್ ಕ್ಲೆಮೆನ್ಸ್ ಮತ್ತು ಜೊತೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರಸೇರೋಗಳು ಹೋದದ್ದರಿಂದ ಸ್ಥಳೀಯರ ಕೂಲಿ ಏರಿದ ಕುರುಹು ಸಿಗಲಿಲ್ಲ. ಬೆಳೆಗಾರರು ಹೆಚ್ಚು ಕೂಲಿ ಕೊಡಲಿಲ್ಲ, ಯಂತ್ರ ತಂದರು, ಇಲ್ಲವೇ ಬೆಳೆ ಬದಲಿಸಿದರು. ನಮ್ಮ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಹ್ಯಾನಾ ಎಂಬಾತ ಯಂತ್ರದ ಹೊಡೆತಕ್ಕೆ ಒಡೆಯದ ಗಟ್ಟಿ ಟೊಮೆಟೊ ತಳಿ ಮಾಡಿದ್ದರು, ಕೋಬಿ ಲೊರೆಂಜನ್ ಅದನ್ನು ಕೊಯ್ಯುವ ಯಂತ್ರ. 1960ರ ದಶಕ ಮುಗಿಯುವಷ್ಟರಲ್ಲಿ ಕೆಚಪ್‌ಗೆ ಹೋಗುವ ಕ್ಯಾಲಿಫೋರ್ನಿಯಾ ಟೊಮೆಟೊ ಬಹುತೇಕ ಯಂತ್ರಕ್ಕೆ ಹೋಯಿತು.

ಇನ್ನು 2011. ಜಾರ್ಜಿಯಾ ರಾಜ್ಯ ಪೇಪರ್ ಇಲ್ಲದವರ ವಿರುದ್ಧ ಕಠಿಣ ಕಾನೂನು ತಂದಿತು. ಆಳುಗಳು ರಾಜ್ಯ ಬಿಟ್ಟು ಹೋದರು, ಹಣ್ಣು ತರಕಾರಿ ಹೊಲದಲ್ಲೇ ಕೊಳೆಯಿತು. ಗವರ್ನರ್ ನೇಥನ್ ಡೀಲ್ ಪ್ರೊಬೇಷನ್ ಮೇಲಿದ್ದ ಅಪರಾಧಿಗಳನ್ನು ಹೊಲಕ್ಕೆ ಕಳಿಸಿ ಎಂದರು. ಬಂದವರಲ್ಲಿ ಹೆಚ್ಚಿನವರು ಬೇಗನೆ ಕೈಚೆಲ್ಲಿದರು.

---

ಗ್ರೀನ್‌ಕಾರ್ಡ್_ಯಾವಾಗ

ಶಾಸ್ತ್ರಿಗಳೇ, ನೀವೇ ನನ್ನ ವಾದಕ್ಕೆ ಬಲ ಕೊಟ್ಟಿರಿ. ಆಳು ಇಲ್ಲ ಅಂದಾಗ ಯಂತ್ರ ಬಂತು. ಅಗ್ಗದ ಆಳು ಸಿಗೋ ತನಕ ಯಾವನೂ ಯಂತ್ರಕ್ಕೆ ದುಡ್ಡು ಹಾಕಲ್ಲ. ಸ್ಟ್ರಾಬೆರಿಗೂ ಬರಲಿ ಬಿಡಿ. ಇಲ್ಲ ಅಂದ್ರೆ ಕೂಲಿ ಎರಡರಷ್ಟು ಮಾಡಲಿ, ಡಬ್ಬಿಗೆ ಒಂದು ಡಾಲರ್ ಜಾಸ್ತಿ ಕೊಡೋಣ.

---

ಕಣಿವೆ_ಗೌಡ

ಕೂಲಿ ಎರಡರಷ್ಟು ಮಾಡಲಿ ಅನ್ನೋದಕ್ಕೆ ನನ್ನ ಎರಡೂ ಕೈ ಎತ್ತಿದ್ದೀನಿ. ಆದ್ರೆ ನೀವು ಕೊಡೋ ಆ ಒಂದು ಡಾಲರ್ ಹೊಲ ಮುಟ್ಟುತ್ತೆ ಅಂದ್ಕೊಂಡಿದ್ದೀರಲ್ಲ! ಇಲ್ಲಿ ಊಟಕ್ಕೆ ಖರ್ಚಾಗೋ ಒಂದು ಡಾಲರ್‌ನಲ್ಲಿ ಬೆಳೆಗಾರನಿಗೇ ಸಿಗೋದು 15-16 ಸೆಂಟ್, ಉಳಿದದ್ದು ಸಾಗಾಟ, ಪ್ಯಾಕಿಂಗ್, ಅಂಗಡಿ, ಹೋಟೆಲ್‌ಗೆ. ಆ ಹದಿನಾರರಲ್ಲಿ ಕೂಲಿಯವನ ಪಾಲು ನೀವೇ ಲೆಕ್ಕ ಹಾಕಿ. ಅಂಗಡಿ ಸರಪಳಿಯವನು "ಮೆಕ್ಸಿಕೋದಿಂದ ತರಿಸ್ಕೋತೀನಿ" ಅಂದ ತಕ್ಷಣ ಬೆಳೆಗಾರನ ಬಾಯಿ ಬಂದ್. ಆಳನ್ನ ಗಡಿಯಾಚೆ ಕಳಿಸಿದ್ರೆ ಹೊಲವೂ ಅವನ ಹಿಂದೇ ಹೋಗುತ್ತೆ.

ಯಂತ್ರದ ವಿಷಯ ಬೆಳೆ ನೋಡಿ ಹೇಳ್ಬೇಕು. ಫ್ರೆಸ್ನೋ ಸುತ್ತಮುತ್ತ ಒಣದ್ರಾಕ್ಷಿ ಅಂದ್ರೆ ಆಗಸ್ಟ್ ಕೊನೆಗೆ ಸಾವಿರಾರು ಜನ ಬೇಕಿತ್ತು. ಬಾಗಿದ ಚಾಕುವಿನಲ್ಲಿ ಗೊಂಚಲು ಕೊಯ್ದು ಸಾಲಿನ ಮಧ್ಯೆ ನೆಲದ ಮೇಲೆ ಕಾಗದ ಹಾಸಿ ಹರಡೋದು, ಒಂದು ಹಾಳೆಗೆ ಇಷ್ಟು ಅಂತ ಕೂಲಿ. ಬಳ್ಳಿಯಲ್ಲೇ ಒಣಗಿಸಿ ಯಂತ್ರದಲ್ಲಿ ಉದುರಿಸೋ ಪದ್ಧತಿ ಬಂತು. ಅದಕ್ಕಿಂತ ಹೆಚ್ಚಾಗಿ ಬಳ್ಳಿಯನ್ನೇ ಕಿತ್ತು ಬಾದಾಮಿ, ಪಿಸ್ತಾ ಹಾಕಿದ್ರು. ಬಾದಾಮಿ ಮರಕ್ಕೆ ಯಂತ್ರ ಬಂದು ಕಾಂಡ ಹಿಡಿದು ಅಲ್ಲಾಡಿಸಿದ್ರೆ ಮುಗೀತು. ನಮಗೆ ಡ್ರಿಪ್ ವ್ಯಾಪಾರ ಕುದುರಿದ್ದೂ ಅದರಿಂದಲೇ, ಸುಳ್ಳು ಯಾಕೆ ಹೇಳಲಿ. ಲೆಟ್ಯೂಸ್ ಹೊಲದಲ್ಲಿ ಕಳೆ ಸುಡೋ ಲೇಸರ್ ಯಂತ್ರ ಓಡಾಡ್ತಿದೆ. ಸ್ಟ್ರಾಬೆರಿ ಮಾತ್ರ ಎಲೆ ಮರೆಯಲ್ಲಿ ಇರುತ್ತೆ, ಒಂದೇ ಗಿಡದಲ್ಲಿ ಹೂವು, ಕಾಯಿ, ಹಣ್ಣು ಒಟ್ಟಿಗೆ, ಮೂರು ದಿನಕ್ಕೊಮ್ಮೆ ಕೀಳ್ಬೇಕು, ಒತ್ತಿದ್ರೆ ಹಾಳು. ರೋಬಾಟ್ ಕೀಳುತ್ತೆ, ಆದ್ರೆ ಮನುಷ್ಯನ ಓಟಕ್ಕೆ ಸಾಟಿ ಇಲ್ಲ.

---

ಹಾಲುಮನೆ_ವಿಸ್ಕಾನ್ಸಿನ್

ಎಲ್ಲರೂ ಹಣ್ಣು ತರಕಾರಿ ಅಂತಿದ್ದೀರಿ. ಡೈರಿ ಮರೆತ್ರಿ. ನಾನು ಮೇವಿನ ಸಲಹೆ ಕೊಡೋ ಕೆಲಸಕ್ಕೆ ಡೈರಿಗಳಿಗೆ ಹೋಗ್ತೀನಿ. ಇಲ್ಲಿ ಹಾಲು ಕರೆಯೋದು ಮೂರು ಪಾಳಿ, ರಾತ್ರಿ ಪಾಳಿಯಲ್ಲಿ ಇಂಗ್ಲಿಷ್ ಮಾತಾಡೋರೇ ಸಿಗಲ್ಲ. ಇದೇ ರಾಜ್ಯದ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ ಪ್ರಕಾರ ಇಲ್ಲಿನ ಡೈರಿ ಕೆಲಸದಲ್ಲಿ ಶೇ. 70ರಷ್ಟು ಮಾಡೋದು ಪೇಪರ್ ಇಲ್ಲದವರು. ಎಚ್-2ಎ ಹಂಗಾಮಿನ ಕೆಲಸಕ್ಕೆ ಮಾತ್ರ. ಹಸುವಿಗೆ ಹಂಗಾಮು ಅಂತ ಇದೆಯಾ? ವರ್ಷವಿಡೀ ಕರೀಬೇಕು. ಹಾಗಾಗಿ ಡೈರಿಯವರಿಗೆ ಕಾನೂನಿನ ದಾರಿಯೇ ಇಲ್ಲ. ಇದನ್ನ ಸರಿಮಾಡೋ ಮಸೂದೆ ಕೆಳಮನೆಯಲ್ಲಿ 2019ರಲ್ಲೂ, 2021ರಲ್ಲೂ ಪಾಸಾಯ್ತು. ಸೆನೆಟ್‌ನಲ್ಲಿ ಎರಡು ಸಲವೂ ಅಲ್ಲೇ ಉಳೀತು.

---

ಮಲ್ಲಿಗೆ_ಡಲ್ಲಾಸ್

ಪೇಪರ್ ಇಲ್ಲದವರು ಅಂದ್ರೆ ಮೆಕ್ಸಿಕೋದವರು ಅಂತಲೇ ನಮ್ಮವರ ಮಾತು. 2025ರ ಫೆಬ್ರವರಿಯಲ್ಲಿ ಮಿಲಿಟರಿ ವಿಮಾನ ಅಮೃತಸರಕ್ಕೆ ಇಳಿಸಿದ್ದು 104 ಭಾರತೀಯರನ್ನ, ಕೈಕಾಲಿಗೆ ಸಂಕೋಲೆ ಹಾಕಿ. ಕ್ಯಾಲಿಫೋರ್ನಿಯಾದ ಯೂಬಾ ಸಿಟಿಯ ಪೀಚ್ ತೋಟಗಳ ಸರ್ದಾರ್ಜಿಗಳ ಅಜ್ಜಂದಿರು ಕೂಡ ಕೂಲಿಗೇ ಬಂದವರು. 1923ರಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಪೌರತ್ವ ಇಲ್ಲ ಅಂತು, ಆಮೇಲೆ 1913ರ ಕಾನೂನಿನಿಂದ ಭೂಮಿ ಕೊಳ್ಳೋ ಹಾಗೂ ಇರಲಿಲ್ಲ. ಆ ಕಾಲದಲ್ಲಿ ಎಷ್ಟೋ ಜನ ಮೆಕ್ಸಿಕನ್ ಹೆಣ್ಣುಮಕ್ಕಳನ್ನ ಮದುವೆಯಾಗಿ ಇಲ್ಲೇ ನಿಂತ್ರು. ಗುರುದ್ವಾರಕ್ಕೆ ಹೋದಾಗ ಇದನ್ನ ಹೆಮ್ಮೆಯಿಂದ ಕೇಳ್ತೀವಿ, ಮನೆಗೆ ಬಂದು "ಅವರನ್ನೆಲ್ಲ ಕಳಿಸಿ" ಅಂತ ಟೈಪ್ ಮಾಡ್ತೀವಿ.

---

ನಿರ್ವಾಹಕ

ಪಕ್ಷದ ಹೆಸರು ಹಿಡಿದು ಬೈದಿದ್ದ ಮೂರು ಪೋಸ್ಟ್ ತೆಗೆದಿದ್ದೇನೆ. ವಿಷಯ ಚೆನ್ನಾಗಿ ನಡೀತಿದೆ, ಹಾಗೇ ಇರಲಿ.

---

ಬಾಳ್ಳುಪೇಟೆ_ಬೆಳೆಗಾರ

ಗೌಡರೇ, 2025ರಲ್ಲಿ ಪೇಪರ್ ಇಲ್ಲದವರನ್ನು ಹಿಡಿಯಲು ದಾಳಿ ಆದಾಗ ನಿಮ್ಮ ಕಡೆ ಏನಾಯಿತು? ಟಿವಿಯಲ್ಲಿ ಹೊಗೆ ಕಂಡಿತು ಅಷ್ಟೇ.

---

ಕಣಿವೆ_ಗೌಡ

2025ರ ಜನವರಿಯಲ್ಲೇ ಶುರು, ಬೇಕರ್ಸ್‌ಫೀಲ್ಡ್ ಕಡೆ, ಕಿತ್ತಳೆ ಹಂಗಾಮಿನಲ್ಲಿ. ಗಡಿ ಪಡೆಯವರು ಪೆಟ್ರೋಲ್ ಬಂಕ್, ಹೆದ್ದಾರಿಯಲ್ಲಿ ಹಿಡಿದ್ರು. ಮಾರನೇ ದಿನ ತೋಟಕ್ಕೆ ಹೋದ್ರೆ ಏಣಿ, ಚೀಲ ಎಲ್ಲಾ ಇದ್ದವು, ಜನ ಅರ್ಧಕ್ಕರ್ಧ ಇಲ್ಲ. ಜೂನ್‌ನಲ್ಲಿ ಆಕ್ಸ್‌ನಾರ್ಡ್. ಜುಲೈ 10ಕ್ಕೆ ಕಮರಿಯೋದಲ್ಲಿ ಗಾಂಜಾ ಬೆಳೆಯೋ ಗ್ರೀನ್‌ಹೌಸ್ ಮೇಲೆ ದಾಳಿಯಾಗಿ 300ಕ್ಕೂ ಮೇಲೆ ಜನ ಸೆರೆ. ಒಬ್ಬ ಕೂಲಿಯವನು ಚಾವಣಿಯಿಂದ ಬಿದ್ದು ತೀರಿಕೊಂಡ.

ಅಷ್ಟರ ಮಧ್ಯೆ ಜೂನ್‌ನಲ್ಲಿ ಟ್ರಂಪ್ ತಾವೇ ಬರೆದ್ರು, ನಮ್ಮ ರೈತರು ಒಳ್ಳೇ ಆಳು ಕಳ್ಕೊಳ್ತಿದ್ದಾರೆ, ಏನಾದ್ರೂ ಮಾಡ್ತೀವಿ ಅಂತ. ಹೊಲಗಳ ಮೇಲೆ ದಾಳಿ ಬೇಡ ಅಂತ ಆದೇಶ ಹೋಯ್ತು, ಕೆಲವೇ ದಿನಕ್ಕೆ ಅದೂ ವಾಪಸ್. ನನ್ನ ಬೆಳೆಗಾರ ಗಿರಾಕಿಗಳಲ್ಲಿ ಅವರಿಗೆ ಓಟು ಹಾಕಿದವರೇ ಜಾಸ್ತಿ. "ನಮ್ಮವರನ್ನ ಮುಟ್ಟಲ್ಲ ಅಂದ್ಕೊಂಡಿದ್ವಿ" ಅಂತ ಒಬ್ಬ ಹೇಳಿದ. ಆ "ನಮ್ಮವರು" ಹದಿನೈದು ವರ್ಷದಿಂದ ಅವನ ತೋಟದ ಕವಲು ಕತ್ತರಿಸಿದವರು. ಅವರ ಪೇಪರ್‌ಗೆ ಅಂತ ಅವನು ಒಂದು ಪತ್ರ ಬರೆದಿದ್ದು ನಾನು ಕೇಳಿಲ್ಲ.

---

ಗ್ರೀನ್‌ಕಾರ್ಡ್_ಯಾವಾಗ

ಸರಿ. ಹಾಗಾದ್ರೆ ಎಲ್ಲರನ್ನೂ ಎಚ್-2ಎಗೆ ತನ್ನಿ. ಕಾನೂನುಬದ್ಧ, ಮನೆ ಕೊಡ್ತಾರೆ, ಓಡಾಟದ ಖರ್ಚು ಕೊಡ್ತಾರೆ, ಕೂಲಿ ನಿಗದಿ. ಇದರಲ್ಲಿ ಏನು ತಪ್ಪು?

---

ಕಣಿವೆ_ಗೌಡ

ಪೇಪರ್ ಇಲ್ಲದಿರೋದಕ್ಕಿಂತ ಮೇಲು, ಒಪ್ಕೋತೀನಿ. ಆದ್ರೆ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿರುತ್ತೆ. ಸಕಲೇಶಪುರದವರ ಆಳು ರಾತ್ರೋರಾತ್ರಿ ಪಕ್ಕದ ತೋಟಕ್ಕೆ ಹೋದ ಹಾಗೆ ಇವನು ಹೋಗೋ ಹಾಗಿಲ್ಲ, ಹೋದ್ರೆ ಅವನೂ ಪೇಪರ್ ಇಲ್ಲದವನೇ. ಊರಲ್ಲಿ ಏಜೆಂಟ್‌ಗೆ ಸಾಲ ಮಾಡಿ ದುಡ್ಡು ಕೊಟ್ಟು ಬಂದಿರ್ತಾನೆ, ಅದು ಕಾನೂನುಬಾಹಿರ ಆದ್ರೂ. ಜಮಖಂಡಿಯವರು ಹೇಳಿದ ಮುಂಗಡದ ಕಥೆ ಇಲ್ಲೂ ಇದೆ. 2021ರಲ್ಲಿ ಜಾರ್ಜಿಯಾದ ಈರುಳ್ಳಿ ಹೊಲಗಳ ಕೇಸಿನಲ್ಲಿ ಫೆಡರಲ್ ಸರ್ಕಾರ 24 ಜನರ ಮೇಲೆ ಆರೋಪ ಹೊರಿಸಿತು. ಅಲ್ಲಿ ದುಡಿದ ಕೂಲಿಯವರು ಈ ವೀಸಾದಲ್ಲೇ ಬಂದವರು, ಅವರ ಪಾಸ್‌ಪೋರ್ಟ್ ಕಿತ್ಕೊಂಡು ದುಡಿಸಿದ್ರು ಅಂತ.

ಕೂಲಿ ನಿಗದಿ ಅಂದ್ರಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಗಂಟೆಗೆ 19.97 ಡಾಲರ್ ಇತ್ತು. ಅಕ್ಟೋಬರ್‌ನಲ್ಲಿ ಕಾರ್ಮಿಕ ಇಲಾಖೆ ಲೆಕ್ಕ ಹಾಕೋ ವಿಧಾನವನ್ನೇ ಬದಲಾಯಿಸಿ ಆ ದರ ಇಳಿಸಿತು, ಕೊಟ್ಟ ಮನೆಗೂ ಒಂದಷ್ಟು ಮುರ್ಕೊಳ್ಳೋ ಹಾಗೆ ಮಾಡಿತು. ಕಾರಣ ಅವರೇ ಬರೆದಿದ್ದಾರೆ: ಅಕ್ರಮವಾಗಿ ಬರೋರು ನಿಂತುಹೋಗಿರೋದ್ರಿಂದ ದೇಶದ ಆಹಾರ ಉತ್ಪಾದನೆಗೆ, ಬೆಲೆಗೆ ಅಪಾಯ ಇದೆ ಅಂತ. ಆಳು ಸಿಗದಿದ್ದಾಗ ಕೂಲಿ ಏರ್ಬೇಕು ಅಂತ ನೀವೂ ನಾನೂ ಓದಿದ್ದು. ಇಲ್ಲಿ ಆಳನ್ನೂ ಹಿಡಿದ್ರು, ಬದಲಿ ಆಳಿನ ಕೂಲಿಯನ್ನೂ ಇಳಿಸಿದ್ರು.

---

ಜಮಖಂಡಿ_ಜವಾರಿ

ಅಂದ್ರ ಮುಕಾದಮನ ಕೆಲಸ ಈಗ ಸರಕಾರನ ಮಾಡಾಕತ್ತೈತಿ ಅನ್ರಿ ಗೌಡ್ರ.

---

ಗ್ರೀನ್‌ಕಾರ್ಡ್_ಯಾವಾಗ

ಒಬ್ಬನೇ ಮಾಲೀಕನಿಗೆ ಕಟ್ಟಿರೋ ವೀಸಾ ಅಂದ್ರೆ ಏನು ಅಂತ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಬಿಡಿ. ಕ್ಯೂ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ. ಆ ಅಕ್ಟೋಬರ್ ಆದೇಶದ ಹೆಸರು ಮೆಸೇಜ್ ಮಾಡಿ, ಪೂರ್ತಿ ಓದಿ ನಾಳೆ ಜಗಳ ಮುಂದುವರಿಸ್ತೀನಿ.